ಒಲೆಗೆ ಹೋಗದ ಕಾರ್ಡುಗಳು

ನಮ್ಮ ಮನೆಯವರ ಕ್ರಿಕೆಟ್ ಕಾರ್ಡುಗಳನ್ನು ನೀರೊಲೆಗೆ ಹಾಕಿ ಸುಟ್ಟವಳು ನಾನು ಎಂಬ ಸುದ್ದಿ ನನಗೆ ಗೊತ್ತಾದದ್ದು ಅವರು ತೀರಿಕೊಂಡು ಎಂಟು ತಿಂಗಳಾದ ಮೇಲೆ, ಬೀದರಿನ ಒಂದು ಫಂಕ್ಷನ್ ಹಾಲಿನಲ್ಲಿ. ಅಲ್ಲಿ ಸೇರಿದ್ದ ಗಂಡಸರಲ್ಲಿ ಬಹಳ ಜನರಿಗೆ ಅದು ಒಂಬತ್ತು ವರ್ಷದಿಂದ ಗೊತ್ತಿತ್ತು.

ನಾನು ಒಂದು ಕಾರ್ಡನ್ನೂ ಸುಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ದಿನ ಹೇಳಲಿಲ್ಲ.

ಅವರು ಬಸ್ ಕಂಡಕ್ಟರ್ ಆಗಿದ್ದರು. ಒಮ್ಮೆ ಔರಾದ ರೂಟು, ಒಮ್ಮೆ ಭಾಲ್ಕಿ ರೂಟು. ಅವರ ಊರು ಮನ್ನಳ್ಳಿ. ಅವರು ಶಾಲೆಗೆ ಹೋಗುವ ಕಾಲಕ್ಕೆ ಬಬಲ್‌ಗಮ್ ಪೊಟ್ಟಣದ ಒಳಗೆ ಒಂದು ಕಾರ್ಡು ಬರುತ್ತಿತ್ತಂತೆ. ಮುಂದೆ ಆಟಗಾರನ ಫೋಟೋ, ಹಿಂದೆ ಅವನ ರನ್ನು, ವಿಕೆಟ್ಟು. ಉಳಿದ ಹುಡುಗರು ಅದನ್ನು ಪಣಕ್ಕಿಟ್ಟು ಆಡಿ ಕಳೆದುಕೊಂಡರು, ಇವರು ಆಡಲಿಲ್ಲ, ಇಟ್ಟುಕೊಂಡರು. ಮದುವೆಯಾಗಿ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದಾಗ ನಾನು ಹೊಲಿಗೆ ಯಂತ್ರ ತಂದೆ, ಅವರು ಒಂದು ಬಿಸ್ಕೀಟು ಡಬ್ಬಿ ತಂದರು. ಡಬ್ಬಿ ತುಂಬ ಕಾರ್ಡು. ಕಂಡಕ್ಟರ್ ಆದ ಮೇಲೆ ಅದು ಇನ್ನೂ ಬೆಳೆಯಿತು. ಯಾವ ಊರಿನ ರದ್ದಿ ಅಂಗಡಿಯಲ್ಲಿ ಏನು ಬಂದಿದೆ, ಯಾರ ಮನೆಯ ಅಟ್ಟದ ಮೇಲೆ ಮಕ್ಕಳ ಹಳೆಯ ಡಬ್ಬಿ ಇದೆ, ಎಲ್ಲ ಬಸ್ಸಿನಲ್ಲಿ ಕುಳಿತವರೇ ಹೇಳುತ್ತಿದ್ದರು. ಕ್ರಿಕೆಟ್ಟಿನ ಜೊತೆಗೆ ಹಾಕಿ, ಕಬಡ್ಡಿ ಕಾರ್ಡುಗಳೂ ಬಂದವು.

ನಾನು ಬ್ಲೌಸು ಹೊಲಿಯುತ್ತೇನೆ, ಫಾಲು-ಪೀಕೋ ಮಾಡುತ್ತೇನೆ. ನನಗೆ ಕ್ರಿಕೆಟ್ ತಿಳಿಯುವುದಿಲ್ಲ. ಆದರೆ ಅವರ ಕಾರ್ಡುಗಳಿಗೆ ಜೇಬು ಹೊಲಿದವಳು ನಾನು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆ ತೆಳುವು, ಬೇಸಿಗೆಗೆ ಕಾರ್ಡಿಗೆ ಅಂಟಿಕೊಳ್ಳುತ್ತದೆ ಎಂದು ಅವರು ಗೊಣಗುತ್ತಿದ್ದರು. ನಾನು ದಪ್ಪ ಪ್ಲಾಸ್ಟಿಕ್ ತಂದು, ಒಂದು ಹಾಳೆಗೆ ಒಂಬತ್ತು ಜೇಬು ಬರುವ ಹಾಗೆ ಹೊಲಿದೆ. ಬರೀ ಪ್ಲಾಸ್ಟಿಕ್ಕನ್ನು ಯಂತ್ರ ಮುಂದೆ ಎಳೆಯುವುದಿಲ್ಲ, ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಕೆಳಗೆ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಪೇಪರು ಹರಿದು ತೆಗೆಯಬೇಕು. ಹೊಲಿಗೆಯ ನಡುವೆ ಸಿಕ್ಕ ಪೇಪರಿನ ಚೂರನ್ನು ಅವರು ಸೂಜಿಯಿಂದ ಬಿಡಿಸುತ್ತ ಪಕ್ಕದಲ್ಲಿ ಕೂಡುತ್ತಿದ್ದರು. ರಜೆ ಇದ್ದ ದಿನ ಮಧ್ಯಾಹ್ನ ಹೀಗೇ ಹೋಗುತ್ತಿತ್ತು. "ನಿನ್ನ ಕೈ ಇರ್ಲಿಲ್ಲಂದ್ರ ಇವೆಲ್ಲಾ ಹಾಳಾಗಿ ಹೋಗ್ತಿದ್ವು," ಎನ್ನುತ್ತಿದ್ದರು. ಆ ಮಾತನ್ನು ಈಗ ಎಲ್ಲಿ ಇಡಬೇಕು ಎಂದು ನನಗೆ ತಿಳಿಯುತ್ತಿಲ್ಲ.

ಬೀದರ, ಭಾಲ್ಕಿ, ಔರಾದದಲ್ಲಿ ಹೀಗೆ ಕಾರ್ಡು ಕೂಡಿಸುವವರು ಹತ್ತು-ಹದಿನೈದು ಜನ ಇದ್ದರು. ಮೊದಲು ಚಹಾದ ಅಂಗಡಿಯಲ್ಲಿ ಸೇರುತ್ತಿದ್ದರು. ಆಮೇಲೆ ವರ್ಷಕ್ಕೊಮ್ಮೆ ಫಂಕ್ಷನ್ ಹಾಲ್ ಬಾಡಿಗೆಗೆ ಹಿಡಿದು ಮೇಳ ಮಾಡತೊಡಗಿದರು. ಹೈದರಾಬಾದು, ಉದಗೀರ, ಕಲಬುರಗಿಯಿಂದಲೂ ಜನ ಬರತೊಡಗಿದರು. ಹೊರಗಿನವರು ಮಾರುತ್ತಾರೆ, ಕೊಳ್ಳುತ್ತಾರೆ. ಆದರೆ ಈ ಮೂರು ಊರಿನವರ ನಡುವೆ ಒಂದು ನೇಮ ಇತ್ತು: ಒಂದೇ ಕಾರ್ಡು ಎರಡು ಇದ್ದವನು, ಅದು ಇಲ್ಲದವನು ಕೇಳಿದರೆ ಒಂದನ್ನು ಕೊಡಲೇಬೇಕು. ಅದನ್ನು ಅವರೇ ನನಗೆ ಹೆಮ್ಮೆಯಿಂದ ಹೇಳಿದ್ದರು.

ಮೇಳಕ್ಕೆ ನಾನೂ ಬರುತ್ತೇನೆ ಎಂದು ಎರಡು ಮೂರು ವರ್ಷ ಕೇಳಿದೆ. "ಅಲ್ಲಿ ಬರೇ ಗಂಡಸ್ರು. ನಿನಗ ಬ್ಯಾಸರಾಗ್ತದ," ಎಂದರು. ಕೇಳುವುದನ್ನು ಬಿಟ್ಟೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದೆ.

ಒಂದು ದಿನ ಡ್ಯೂಟಿ ಮುಗಿಸಿ ಬಂದು, ಚಹಾ ಇಡು ಎಂದು ಹೇಳಿ ಕುರ್ಚಿಯಲ್ಲಿ ಕುಳಿತವರು, ಚಹಾ ಆಗುವಷ್ಟರಲ್ಲಿ ಇರಲಿಲ್ಲ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ.

ಮೂರನೆಯ ದಿನ ಔರಾದದಿಂದ ಒಬ್ಬ ಮಾಸ್ತರರು ಬಂದರು. ರಿಟೈರ್ ಆದವರು, ಕಾರ್ಡಿನ ಗೆಳೆಯರಲ್ಲಿ ಎಲ್ಲರಿಗಿಂತ ಹಿರಿಯರು. ಹೊಸ್ತಿಲ ಹೊರಗೇ ನಿಂತರು. ನಾನು ಒಳಗಿನಿಂದ ನೀರು ಕಳಿಸಿದೆ, ಬೇಡ ಎಂದರು. ನನ್ನ ತಮ್ಮನ ಜೊತೆ ಎರಡು ಮಾತಾಡಿದರು, ಒಳಗೆ ಕುಳಿತಿದ್ದ ನನ್ನನ್ನು ಒಮ್ಮೆ ನೋಡಿದರು, ಹೋದರು. ಅಷ್ಟು ದೂರದಿಂದ ಬಿಸಿಲಲ್ಲಿ ಬಂದವರು ನೀರನ್ನೂ ಮುಟ್ಟದೆ ಹೋದರಲ್ಲ ಎಂದು ಅನಿಸಿತು. ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ ಎಂದುಕೊಂಡು ಸುಮ್ಮನಾದೆ.

ಚಳಿಗಾಲ ಬಂದಾಗ ರಗ್ಗು ತೆಗೆಯಲು ಟ್ರಂಕು ಬಿಚ್ಚಿದೆ. ತಳದಲ್ಲಿ ಅವರ ಹಳೆಯ ಖಾಕಿ ಅಂಗಿಯ ಮಡಿಕೆಯೊಳಗೆ ಒಂದು ಚಿಕ್ಕ ಲಕೋಟೆ. ಅದರಲ್ಲಿ ಆರು ಕಾರ್ಡು. ಅವುಗಳಲ್ಲಿ ಎರಡನ್ನು ನೋಡಿದ ಕೂಡಲೇ ಗುರುತು ಹಿಡಿದೆ. ವಿಕೆಟ್ ಕೀಪರ್ ಒಬ್ಬ ಗಾಳಿಯಲ್ಲಿ ಅಡ್ಡ ಹಾರಿ ಚೆಂಡು ಹಿಡಿಯುತ್ತಿರುವ ಕಾರ್ಡು. ಅದರ ಹಿಂದಿನ ಬರಹ ತಲೆಕೆಳಗಾಗಿ ಅಚ್ಚಾಗಿದೆ. ಛಾಪಖಾನೆಯ ತಪ್ಪಿನಿಂದ ಹಾಗೆ ಆದವು ಕೆಲವೇ ಕೆಲವು ಎಂದೂ, ಅದಕ್ಕಾಗಿಯೇ ಅವಕ್ಕೆ ಬಹಳ ಬೆಲೆ ಎಂದೂ ಅವರು ಹೇಳಿದ್ದರು. ಭಾಲ್ಕಿಯ ರದ್ದಿ ಅಂಗಡಿಯೊಂದರಲ್ಲಿ ಅಂಥವು ಒಟ್ಟಿಗೆ ಎರಡು ಸಿಕ್ಕ ದಿನ ಪೇಡೆ ತಂದಿದ್ದರು. ಅಂಥದೇ ಇನ್ನೊಂದು ಕಾರ್ಡು, ನಾನು ಹೊಲಿದ ಹಾಳೆಗಳ ಆಲ್ಬಮ್ಮಿನಲ್ಲಿ ಬಹಳ ದಿನದಿಂದ ಇತ್ತು. ಅಂದರೆ ಈಗ ಮೂರು.

ನನಗೆ ಒಂದು ಸಂಶಯವೂ ಬರಲಿಲ್ಲ. ಅಷ್ಟು ವರ್ಷ ಜೇಬು ಹೊಲಿದವಳ ಕಣ್ಣಿಗೆ ಜೇಬಿಲ್ಲದ ಕಾರ್ಡು ಕಂಡರೆ ಅಯ್ಯೋ ಅನಿಸುತ್ತದೆ, ಅಷ್ಟೇ. ಹೊಲಿಸಿಕೊಳ್ಳಬೇಕು ಎಂದು ಇಟ್ಟು ಮರೆತಿರಬೇಕು ಎಂದುಕೊಂಡೆ.

ಆ ವಾರವೇ ಫೋನು ಬಂತು. ಮೇಳ ನಡೆಸುವವರು ಹಳೆಯ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಭಾಯಿ. "ಭಾಭಿ, ಈ ಸಲ ನೀವು ಬರ್ಬೇಕು. ನಮ್ಮಲ್ಲಿ ಯಾರಾದ್ರೂ ಗುಜರ್‍ಗಯೇ, ತೀರಿಕೊಂಡ್ರು ಅಂದ್ರ, ಆ ವರ್ಷ ಬಾಗಿಲ ಹತ್ರ ಒಂದು ಟೇಬಲ್ ಅವರದು. ಎಲ್ಲಾರೂ ಮೊದಲ ಅವರ ಆಲ್ಬಮ್ ನೋಡ್ತಾರ, ಆಮೇಲೆ ತಮ್ಮ ತಮ್ಮದು ಬಿಚ್ಚತಾರ. ರೇಟು ಯಾರೂ ಕೇಳಂಗಿಲ್ಲ. ಇದು ನಮ್ಮ ರಿವಾಜು," ಎಂದರು.

ಬರುತ್ತೇನೆ ಎಂದೆ. ಆರು ಕಾರ್ಡಿಗಾಗಿ ಹೊಸ ಹಾಳೆ ಹೊಲಿದೆ. ಆಲ್ಬಮ್ಮಿನಲ್ಲಿದ್ದ ಮೂರನೆಯ ಕೀಪರನನ್ನೂ ತೆಗೆದು, ಮೂವರನ್ನು ಮೇಲಿನ ಸಾಲಿನಲ್ಲಿ ಅಕ್ಕಪಕ್ಕ ಕೂಡಿಸಿದೆ. ಒಳ್ಳೆಯದು ಮುಂದೆ ಇರಲಿ ಎಂದು ಆ ಹಾಳೆಯನ್ನು ಎಲ್ಲಕ್ಕಿಂತ ಮೊದಲು ಸೇರಿಸಿದೆ. ಅವರಿದ್ದರೆ ಎಷ್ಟು ಖುಷಿಪಡುತ್ತಿದ್ದರು ಎಂದು ನೆನೆದು ಯಂತ್ರದ ಮುಂದೆ ಸ್ವಲ್ಪ ಹೊತ್ತು ಅತ್ತೆ. ಆ ಅಳುವಿನ ಬಗ್ಗೆ ಈಗ ನನಗೆ ನಾಚಿಕೆಯಾಗುತ್ತದೆ.

ರವಿವಾರ ಹತ್ತು ಗಂಟೆಗೆ ಹೋದೆ. ಹಾಲಿನ ತುಂಬ ಬಿಳಿ ಬಟ್ಟೆ ಹೊದಿಸಿದ ಟೇಬಲ್ಲುಗಳು, ತಲೆ ಬಗ್ಗಿಸಿ ಕುಳಿತ ಗಂಡಸರು. ಕೆಲವರ ಕೈಯಲ್ಲಿ ಭೂತಗನ್ನಡಿ. ಹೈದರಾಬಾದಿನವರು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒಂದೊಂದೇ ಕಾರ್ಡು ಮುಚ್ಚಿ, ಮೇಲೆ ಚೀಟಿ ಹಚ್ಚಿ, ಬಂಗಾರದ ಅಂಗಡಿಯವರ ಹಾಗೆ ಇಟ್ಟಿದ್ದರು. ನಮ್ಮ ಕಡೆಯವರು ಶೂಗಳ ಡಬ್ಬಿಯಲ್ಲಿ ತಂದಿದ್ದರು. ಒಂದು ಮೂಲೆಯಲ್ಲಿ ಸುಸಲಾ, ಮಿರ್ಚಿ, ಚಹಾ.

"ಇದು ಮೂಲಿ ಸೊಟ್ಟಾಗ್ಯಾದಲ್ರಿ," ಎಂದು ಒಬ್ಬ ಕಾರ್ಡನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದ.

"ನಿಮ್ಮ ಮೂಗೂ ಸೊಟ್ಟ ಅದ. ನಿಮ್ಮ ಮಾವ ಹೆಣ್ಣು ಕೊಟ್ಟಿಲ್ಲೇನು?" ಎಂದ ಮಾರುವವ.

ನನಗೆ ನಗು ಬಂತು. ಎಂಟು ತಿಂಗಳಲ್ಲಿ ಹೊರಗೆ ಹೋಗಿ ನಕ್ಕದ್ದು ಅದೇ ಮೊದಲು. ಇಷ್ಟು ಹಗುರಾದ ಜಾಗಕ್ಕೆ ನನ್ನನ್ನೇಕೆ ಕರೆತರಲಿಲ್ಲ ಎಂದುಕೊಂಡೆ.

ಗಡಿಯಾರದ ಭಾಯಿ ಬಾಗಿಲ ಪಕ್ಕದ ಟೇಬಲ್ಲಿನ ಮೇಲೆ ಆಲ್ಬಮ್ ಇಟ್ಟು, ನನಗೆ ಕುರ್ಚಿ ಹಾಕಿ, ಎಲ್ಲರೂ ಬಂದ ಮೇಲೆ ಹನ್ನೊಂದಕ್ಕೆ ಬಿಚ್ಚೋಣ ಎಂದು ಹೇಳಿ ಹೋದರು. ನಾನು ಚಹಾ ತರಲು ಎದ್ದೆ. ಚಹಾದ ಹತ್ತಿರ ಇಬ್ಬರು ನನಗೆ ಬೆನ್ನು ಮಾಡಿ ನಿಂತಿದ್ದರು. ಉದಗೀರ ಕಡೆಯವರು ಇರಬೇಕು, ಮಾತಿನಲ್ಲಿ ಮರಾಠಿ ಬೆರೆತಿತ್ತು.

"ಆ ಕಂಡಕ್ಟರಂದು ಆಲ್ಬಮ್ ಬಂದದ ಅಂತ. ಆದ್ರ ಛಲೋ ಛಲೋವು ಅದರಾಗ ಇಲ್ಲ. ಹೆಂಡ್ತಿ ನೀರೊಲಿಗೆ ಹಾಕ್ಯಾಳ."

"ಖರೇನಾ?"

"ಖರೇ. ಅದನ್ನ ಹೇಳುವಾಗ ಆತನ ಕಣ್ಣಾಗ ನೀರ ಬರ್ತಿತ್ತು. ಸಿಟ್ಟು ಬಂದ್ರ ಆಕಿ ಏನ್ ಮಾಡ್ತಾಳ ಹೇಳಾಕ ಬರಂಗಿಲ್ಲ ಅಂತಿದ್ದ. ತಲೆಕೆಳಗಿನ ಕೀಪರ್ ಎರಡಿದ್ವಂತ. ಎರಡೂ ಬೂದಿ."

"ನಮ್ಮಾಕಿ ಬರೇ ಬೈತಾಳ. ನನ್ನ ಪುಣ್ಯಾ ಅನ್ರಿ ಮತ್ತ."

ಚಹಾ ತೆಗೆದುಕೊಳ್ಳಲಿಲ್ಲ. ವಾಪಸು ಬಂದು ಕುಳಿತೆ. ಬೇರೆ ಯಾವುದೋ ಕಂಡಕ್ಟರ್ ಇರಬೇಕು ಎಂದು ಸ್ವಲ್ಪ ಹೊತ್ತು ನನಗೆ ನಾನೇ ಹೇಳಿಕೊಂಡೆ. ಆದರೆ ಬೂದಿಯಾದ ಆ ಕೀಪರುಗಳು ಇಬ್ಬರೂ ನನ್ನ ಮುಂದಿನ ಆಲ್ಬಮ್ಮಿನಲ್ಲಿ, ನಾನು ಹೊಲಿದ ಜೇಬಿನಲ್ಲಿ ಇದ್ದರು.

ಅಷ್ಟರಲ್ಲಿ ನಮ್ಮವರ ಭಾಲ್ಕಿಯ ಗೆಳೆಯರೊಬ್ಬರು ಬಂದರು. ಬಸ್‌ಸ್ಟ್ಯಾಂಡಿನ ಎದುರು ವಹಿ-ಪುಸ್ತಕದ ಅಂಗಡಿ ಅವರದು. ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವರು, ನನ್ನನ್ನು ಸ್ವಂತ ಅತ್ತಿಗೆಯ ಹಾಗೆ ವೈನಿ ಎನ್ನುವವರು. ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ನಾ ಕಾರ್ಡು ಸುಟ್ಟೀನಿ ಅಂತ ನಮ್ಮವರು ಇಲ್ಲಿ ಹೇಳಿದ್ರಾ?"

ಅವರು ನೆಲ ನೋಡಿದರು. "ಹೋಗ್ಲಿ ಬಿಡ್ರಿ ವೈನಿ. ಆದದ್ದು ಆಗಿ ಹೋತು. ಈಗ ಯಾಕ?"

"ಹೇಳಿದ್ರೋ ಇಲ್ಲೋ?"

"ಹೇಳಿದ್ದ. ಮಾಸ್ತರು ಒಂದು ಕೀಪರ್ ಕೇಳಿದ್ರು. ನೇಮ ಪ್ರಕಾರ ಕೊಡಬೇಕಿತ್ತು. ಏನ್ ಮಾಡ್ಲಿ, ಮನ್ಯಾಗ ಜಗಳಾತು, ಎರಡೂ ಒಲಿಗೆ ಹಾಕಿದಳು ಅಂದ."

"ನೀವು ನಮ್ಮ ಮನ್ಯಾಗ ಕುಂತು ಎಷ್ಟು ಸಲ ಉಂಡೀರಿ. ಒಂದು ಸಲನಾದ್ರೂ ನನ್ನ ಕೇಳಬಾರದಿತ್ತಾ?"

"ಆಕಿ ಮುಂದ ಕಾರ್ಡಿನ ಮಾತು ತೆಗೀಬ್ಯಾಡ, ಮತ್ತ ಭುಗಿಲ್ ಅಂತಾಳ ಅಂದಿದ್ದ ಅಂವ. ಅದಕ್ಕ ನಾ ತೆಗೀಲಿಲ್ಲ."

ಇವರು ನಮ್ಮಲ್ಲಿ ಬಂದಾಗಲೆಲ್ಲ ಮಳೆ-ಬೆಳೆ ಮಾತ್ರ ಮಾತಾಡುತ್ತಿದ್ದರು. ಮಿತಭಾಷಿ ಮನುಷ್ಯ ಎಂದು ನಾನು ತಿಳಿದಿದ್ದೆ.

"ನಾ ಸುಟ್ಟಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಸ್ವಲ್ಪ ನಾಚಿಕೊಂಡು ಹೇಳಿದರು: "ನೋಡ್ರಿ ವೈನಿ, ಕೊಡೂ ಮನಸ್ಸಿಲ್ಲದಾಗ ಇಲ್ಲಿ ಎಲ್ಲಾರೂ ಹಂಗ ಅಂತಾರ. ಮನ್ಯಾಗ ಸುಟ್ಟಳು, ಹರದಳು, ರದ್ದಿಗೆ ಹಾಕಿದಳು. ನಾನೂ ಅಂದೀನಿ. ಆದ್ರ ಅಂವ ಹೇಳೂ ರೀತಿ… ನಾ ಖರೇ ಅಂದ್ಕೊಂಡೆ. ಪಾಪ ಅಂತ ನನ್ನವು ಎರಡು ಕಬಡ್ಡಿ ಕಾರ್ಡು ಕೊಟ್ಟೆ. ಮಾಸ್ತರು ಅಂತೂ ಮುಂದ ಎಲ್ಲಿಂದಲೋ ಹುಡುಕಿ ತಂದಿದ್ದ ತಮ್ಮ ಒಂದೇ ಒಂದು ಕೀಪರ್ ಆತಗ ಕೊಟ್ಟುಬಿಟ್ರು. ಎರಡು ಕಳಕೊಂಡಾನ, ಇದಾದ್ರೂ ಇರ್ಲಿ ಅಂತ."

ತಾವೇ ಹೇಳುವ ಸುಳ್ಳು ಇನ್ನೊಬ್ಬನ ಬಾಯಿಂದ ಬಂದರೆ ನಂಬುತ್ತಿದ್ದರು ಈ ಜನ. ಮೂರನೆಯ ಕೀಪರ್ ಎಲ್ಲಿಂದ ಬಂತು ಎಂಬುದು ನನಗೆ ಆಗ ತಿಳಿಯಿತು. ಮೂರನೆಯ ದಿನ ಮಾಸ್ತರರು ನಮ್ಮ ಮನೆಯ ನೀರು ಯಾಕೆ ಮುಟ್ಟಲಿಲ್ಲ ಎಂಬುದೂ ತಿಳಿಯಿತು.

ಹನ್ನೊಂದಕ್ಕೆ ಇನ್ನು ಐದೇ ನಿಮಿಷ ಇತ್ತು. ಆಲ್ಬಮ್ ಬಿಚ್ಚಿದ ಕೂಡಲೇ ಮೊದಲ ಹಾಳೆ, ಮೇಲಿನ ಸಾಲು, ಸುಟ್ಟುಹೋದ ಇಬ್ಬರು ಕೀಪರುಗಳು ಮತ್ತು ಮಾಸ್ತರರ ಕೀಪರ್. ಅದನ್ನು ನೋಡಿದರೆ ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ನನ್ನ ಹೆಸರು ತೊಳೆದು ಬರುತ್ತಿತ್ತು, ಅವರ ಹೆಸರು ಹೋಗುತ್ತಿತ್ತು. ಅವರ ಹೆಸರಿನ ಟೇಬಲ್ಲಿನ ಮೇಲೆಯೇ, ಅವರಿಗಾಗಿ ಜನ ಸೇರಿದ ದಿನವೇ.

ಭಾಯಿ ಬಂದರು. ಹಿಂದೆ ಜನ ಬಂದು ನಿಂತರು. "ಭಾಭಿ, ನಿಮ್ಮ ಕೈಯಿಂದಾನೇ ಬಿಚ್ಚರಿ," ಎಂದರು.

ನಾನು ರಟ್ಟಿನ ಜೊತೆಗೆ ಮೊದಲ ಹಾಳೆಯನ್ನೂ ಸೇರಿಸಿ ಹಿಡಿದು ತೆರೆದೆ. ಎರಡನೆಯ ಹಾಳೆ ಮೇಲೆ ಬಂತು. ಹೆಬ್ಬೆರಳಿನಿಂದ ಮೊದಲ ಹಾಳೆಯನ್ನು ರಟ್ಟಿಗೆ ಒತ್ತಿಕೊಂಡು ಕುಳಿತೆ. ಜನ ಒಬ್ಬೊಬ್ಬರಾಗಿ ಬಂದು ನೋಡಿ, ಕೈ ಮುಗಿದು ಹೋದರು. ಜೇಬು ಯಾರು ಹೊಲಿದದ್ದು, ಹೈದರಾಬಾದಿನಲ್ಲೂ ಇಂಥವು ಸಿಗುವುದಿಲ್ಲ ಎಂದು ಒಬ್ಬರು ಕೇಳಿದರು. ಯಾರೋ ಟೇಲರ್ ಕಡೆ ಮಾಡಿಸಿದ್ದಾನೆ ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ನಾನು ಹೆಬ್ಬೆರಳು ತೆಗೆಯಲಿಲ್ಲ.

ಕೊನೆಗೆ ಔರಾದದ ಮಾಸ್ತರರು ಬಂದರು. ನನ್ನ ಕಡೆ ನೋಡಲಿಲ್ಲ. ಎಲ್ಲರೂ ತೆರೆದ ಹಾಳೆಯಿಂದ ಮುಂದಕ್ಕೆ ತಿರುವಿದ್ದರು. ಇವರು ಹಳೆಯ ಮಾಸ್ತರರು, ಯಾವ ಪುಸ್ತಕವನ್ನೂ ನಡುವಿನಿಂದ ಓದುವವರಲ್ಲ. "ಕೈ ತೆಗೀರಿ," ಎಂದು ಮೊದಲ ಹಾಳೆಗೆ ಬಂದರು.

ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೂರು ಅವ," ಎಂದರು.

"ಹೌದ್ರಿ."

"ಇದು ನಾ ಕೊಟ್ಟಿದ್ದು. ಮೂಲಿಗೆ ನನ್ನ ಪೆನ್ನಿನ ಮಸಿ ಹತ್ಯಾದ. ಮತ್ತ ಇವೆರಡು?"

"ಮನ್ಯಾಗೇ ಇದ್ವು ರಿ. ನಾ ಯಾವತ್ತೂ ಏನೂ ಸುಟ್ಟಿಲ್ರಿ."

ನಾನು ಮಸಿ ಹತ್ತಿದ ಕೀಪರನನ್ನು ಜೇಬಿನಿಂದ ತೆಗೆದು ಅವರ ಮುಂದೆ ಇಟ್ಟೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡು ಬೆರಳಿನಲ್ಲಿ ಎತ್ತಿ, ಹಿಂದೆ ಮುಂದೆ ನೋಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

"ಅವತ್ತು ನಿಮ್ಮ ಮನ್ಯಾಗ ನೀರ ಬ್ಯಾಡ ಅಂದೆ," ಎಂದರು.

"ನೋಡಿದ್ದೆ ರಿ."

"ಒಂಬತ್ತು ವರ್ಷ ಮನಸ್ಸಿನ್ಯಾಗ ನಿಮ್ಮನ್ನ ಬೈದೀನಿ ತಂಗಿ. ಇಂಥಾ ಸಾಧು ಮನುಷ್ಯಗ ಎಂಥಾಕಿ ಗಂಟು ಬಿದ್ದಾಳ ಅಂತ." ಅಷ್ಟು ಹೇಳಿ, ಆಲ್ಬಮ್ಮಿನ ಉಳಿದ ಹಾಳೆಗಳನ್ನು ನೋಡದೆ ಹೊರಟರು. ಅವರು ಮೇಳದಲ್ಲಿ ನಿಲ್ಲಲೇ ಇಲ್ಲ, ಔರಾದದ ಬಸ್ಸಿಗೆ ಹೋದರು ಎಂದು ಆಮೇಲೆ ಗೊತ್ತಾಯಿತು.

ಭಾಲ್ಕಿಯವರು ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ನನಗೆ ಶಾಲು ಹೊದಿಸಿ ಎರಡು ಮಾತು ಹೇಳಿಸುವುದು ಎಂದು ಭಾಯಿ ಮೈಕಿನ ಹತ್ತಿರ ಹೋದಾಗ ನನ್ನ ಬಳಿ ಬಗ್ಗಿ ನಿಂತರು.

"ವೈನಿ, ಮೈಕಿನ್ಯಾಗ ಏನೂ ಹೇಳಬ್ಯಾಡ್ರಿ. ಇದು ನಿಮ್ಮ ಒಬ್ಬರ ಮಾತಲ್ಲ. ಇದು ಎದ್ರ ಎಲ್ಲಾರ ಮನೀದೂ ಏಳ್ತದ. ಅಂವ ಅಂತೂ ಹೋದ. ಈಗ ನಿಮ್ಮದೇನು ಹೋಗ್ತದ ಇದರಾಗ?"

ಮೇಲೆ ಹೋದೆ. ಶಾಲು ಹೊದಿಸಿದರು. ಮೈಕು ಮುಂದೆ ಬಂತು. ಹೇಳಬೇಕೆಂದೇ ಹೋಗಿದ್ದೆ. ಎದುರಿಗೆ ಅಷ್ಟು ಜನ ಅವರನ್ನು ನೆನೆದು ಕಣ್ಣು ತುಂಬಿಕೊಂಡು ಕುಳಿತಿದ್ದರು. "ಎಲ್ಲಾರಿಗೂ ನಮಸ್ಕಾರ್ರಿ," ಎಂದೆ. ಅಷ್ಟೇ. ಇಳಿದು ಬಂದೆ. ಚಪ್ಪಾಳೆ ಬಿತ್ತು. ಕೆಳಗೆ ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಪಾಪ, ಈಗ ಪಶ್ಚಾತ್ತಾಪ ಆಗ್ಲತ್ತದ."

ಮನೆಗೆ ಬಂದ ಮೇಲೆ ಹದಿನೈದು ದಿನ ಯಂತ್ರದ ಮುಂದೆ ಕುಳಿತರೂ ಕೆಲಸ ಸಾಗಲಿಲ್ಲ. ಗಿರಾಕಿಗಳ ಬ್ಲೌಸಿಗೆ ತೋಳು ತಿರುವು ಮುರುವು ಹಚ್ಚಿ ಬಿಚ್ಚಿದೆ. ನನ್ನ ನೋವು ಕಾರ್ಡಿನದಲ್ಲ. ಕೊಡಲು ಮನಸ್ಸಾಗಲಿಲ್ಲ, ಒಂದು ಸುಳ್ಳು ಹೇಳಿದರು. ಮನುಷ್ಯ ಹೇಳುತ್ತಾನೆ. ಒಂದು ಮಾತು ನನಗೆ ಹೇಳಿದ್ದರೆ, ನಿನ್ನ ಹೆಸರು ಹೇಳುತ್ತೇನೆ ಎಂದಿದ್ದರೆ, ಹೇಳ್ರಿ ಎನ್ನುತ್ತಿದ್ದೆ. ಮಾಸ್ತರರು ಬಂದು ಕೇಳಿದರೂ ಹೌದು, ಸುಟ್ಟೆ ಎಂದು ನಾನೇ ಒಪ್ಪಿಕೊಳ್ಳುತ್ತಿದ್ದೆ, ಅಷ್ಟು ಜೀವ ಇತ್ತು ನನಗೆ ಅವರ ಮೇಲೆ. ಅವರು ಕೇಳಲಿಲ್ಲ. ಒಂಬತ್ತು ವರ್ಷ ಪ್ರತಿ ಮೇಳಕ್ಕೆ ಹೋಗಿ ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನು ಒಂದು ಬೆಂಕಿಯಂಥ ಹೆಂಗಸು ಮಾಡಿ, ಸಂಜೆ ಮನೆಗೆ ಬಂದು ಖಾಲಿ ರೊಟ್ಟಿಯ ಡಬ್ಬಿ ನನ್ನ ಕೈಗೆ ಕೊಟ್ಟು, ಚಟ್ನಿ ಛಲೋ ಆಗಿತ್ತು ಎನ್ನುತ್ತಿದ್ದರು.

ಯಾವ ಮಾತು ಯಾವ ದಿನ ಹೇಳಿದ್ದು ಎಂದು ಒಂದೊಂದೇ ತೆಗೆದು ನೋಡತೊಡಗಿದೆ. ಎಂಟು ತಿಂಗಳು ಅವರನ್ನು ನೆನೆಯುವುದೇ ನನಗೆ ಆಧಾರವಾಗಿತ್ತು. ಈಗ ನೆನೆಯುವುದೆಂದರೆ ಪರೀಕ್ಷೆ ಮಾಡಿದ ಹಾಗೆ ಆಯಿತು. ಸತ್ತವರ ಜೊತೆ ಜಗಳ ಆಡಲು ಬರುವುದಿಲ್ಲ. ನಾನು ಅಡುಗೆಮನೆಯಲ್ಲಿ ಒಂದೆರಡು ಸಲ ಜೋರಾಗಿಯೇ ಕೇಳಿದೆ. ಪಕ್ಕದ ಮನೆಯವರು ಯಾರು ಬಂದಾರ ಎಂದು ಇಣುಕಿದರು.

ಅದು ಕಳೆದು ಬಂದ ರವಿವಾರ, ಭಾಲ್ಕಿಯವರು ಕೊಟ್ಟಿದ್ದ ಎರಡು ಕಬಡ್ಡಿ ಕಾರ್ಡು ತೆಗೆದುಕೊಂಡು ಭಾಲ್ಕಿ ಬಸ್ಸು ಹತ್ತಿದೆ. ಕಂಡಕ್ಟರು ನಮ್ಮ ಮನೆಯವರ ಕೈ ಕೆಳಗೆ ಕೆಲಸ ಕಲಿತವನು. ಸೀಟು ಬಿಡಿಸಿಕೊಟ್ಟ. "ಅಣ್ಣಾರಂಥ ಮನುಷ್ಯ ಸಿಗಂಗಿಲ್ಲ ಬಿಡ್ರಿ ಅಕ್ಕ," ಎಂದ. ನಾನು ಕಿಟಕಿಯ ಹೊರಗೆ ನೋಡಿದೆ. ತೊಗರಿ ಕಟಾವು ಮುಗಿದಿತ್ತು.

ಭಾಲ್ಕಿಯವರ ಮನೆ ಅಂಗಡಿಯ ಹಿಂದೆಯೇ. ಅವರು ಪಡಸಾಲೆಯಲ್ಲಿ ತಮ್ಮ ಆಲ್ಬಮ್ ಹರಡಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದರು. ಕಾರ್ಡು ಮುಂದೆ ಇಟ್ಟೆ. "ಇವ್ಯಾಕ ವೈನಿ, ಆತಗ ಕೊಟ್ಟಿದ್ದು ಕೊಟ್ಟಂಗ," ಎಂದು ಕೈ ಹಿಂದೆ ತೆಗೆದುಕೊಂಡರು. "ಸುಟ್ಟದ್ದಕ್ಕ ಕೊಟ್ಟಿದ್ರಿ. ಸುಟ್ಟಿಲ್ಲ. ಇಟ್ಕೋರಿ," ಎಂದೆ. ಒಳಗಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಆತು, ಆತು," ಎಂದು ತೆಗೆದುಕೊಂಡರು.

ಅವರ ಹೆಂಡತಿ ಹೊರಗೆ ಬಂದು ನನ್ನ ಕೈ ಹಿಡಿದರು. ಅವರನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ, ನಮ್ಮವರು ತೀರಿಕೊಂಡಾಗ. "ಹೊರಗ್ಯಾಕ ಕುಂತೀರಿ, ಒಳಗ ಬರ್ರಿ," ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದರು. ಚಹಾಕ್ಕೆ ಇಟ್ಟು, ಪ್ಲೇಟಿನಲ್ಲಿ ಚೂಡಾ ಹಾಕುತ್ತ, ಮಾತು ಎಲ್ಲಿಂದ ಶುರು ಮಾಡಬೇಕು ಎಂದು ಸ್ವಲ್ಪ ತಡೆದರು. ಆಮೇಲೆ ನಕ್ಕರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೇನಿ. ನಿಮಗ ಅಷ್ಟು ಧೈರ್ಯ ಹ್ಯಾಂಗ ಬಂತು ರಿ? ನನಗೂ ಎಷ್ಟು ಸಲ ಅನಿಸ್ಯಾದ, ಇವೆಲ್ಲಾ ಒಟ್ಟು ಮಾಡಿ ಒಲಿಗೆ ಒಗೀಬೇಕು ಅಂತ. ಒಂದು ದಿನಾನೂ ಕೈ ಬರ್ಲಿಲ್ಲ. ರವಿವಾರ ಬಂತಂದ್ರ ನಾನೇ ಬಟ್ಟಿಲೆ ಒರಸಿ ಕೊಡ್ತೇನಿ ನೋಡ್ರಿ, ಒಂದೊಂದೇ."

ಅವರ ಸೆರಗಿಗೆ ಒಂದು ಮೆತ್ತನೆಯ ಹಳದಿ ಬಟ್ಟೆ ಸಿಕ್ಕಿಸಿತ್ತು, ಚಷ್ಮಾ ಒರೆಸುವಂಥದು. ಪಡಸಾಲೆಯಿಂದ ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಿತು.

ಸುಮ್ಮನಿರಬಹುದಿತ್ತು. ಬೀದರಿನಲ್ಲಿ ಸುಮ್ಮನಿದ್ದೆ, ಇಲ್ಲಿಯೂ ಚಹಾ ಕುಡಿದು ಬರಬಹುದಿತ್ತು. ಈ ಹೆಂಗಸು ಇನ್ನು ಎಷ್ಟು ವರ್ಷ ಕಾರ್ಡು ಒರೆಸುತ್ತಾರೆ, ಅಲ್ಲಿಯವರೆಗೂ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಯಾವಾಗ ಎಂದು ನನಗೆ ಗೊತ್ತಿತ್ತು. ಕೇಳಲು ಯಾರೂ ಇಲ್ಲದಾಗ.

"ನಾ ಸುಟ್ಟಿಲ್ರಿ," ಎಂದೆ. "ಕೊಡೂ ಮನಸ್ಸಿಲ್ಲದಾಗ ನಮ್ಮವರು ಹಂಗ ಹೇಳಿದ್ರು. ನನಗ ಗೊತ್ತೇ ಇರ್ಲಿಲ್ಲ, ಅವರು ಹೋದ ಮ್ಯಾಲೆ ಗೊತ್ತಾತು. ಆ ಮೇಳದಾಗ ನೀವೂ ಸುಟ್ಟೀರಿ."

"ನಾನಾ?"

"ಹೂಂ. ನಿಮ್ಮ ಮನಿಯವರೇ ನನ್ನ ಮುಂದ ಒಪ್ಪಿಕೊಂಡಾರ."

ಅವರು ಚೂಡಾದ ಪ್ಲೇಟು ಕೆಳಗಿಟ್ಟರು. ಗ್ಯಾಸು ಸಣ್ಣ ಮಾಡಿದರು. ಸೆರಗಿನಿಂದ ಹಳದಿ ಬಟ್ಟೆ ತೆಗೆದು ಮಡಿಚಿ ಕಟ್ಟೆಯ ಮೇಲೆ ಇಟ್ಟರು. ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಬರುತ್ತಿತ್ತು. ಬಾಗಿಲ ಕಡೆ ತಿರುಗಿ, ದಿನವೂ ಕರೆಯುವ ದನಿಯಲ್ಲಿಯೇ ಕರೆದರು.

"ಏನ್ರಿ. ಸ್ವಲ್ಪ ಒಳಗ ಬರ್ರಿ ಇಲ್ಲಿ."

ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಂದೆ, ಎಂದರು ಅವರು. ನಾನು ಚಹಾದ ಕಡೆ ನೋಡುತ್ತ ಕುಳಿತೆ. ಈ ಹೆಂಗಸಿನ ಸಂಸಾರ ಕೆಡಿಸಿದೆನೇ ಎಂಬ ಹೆದರಿಕೆ ಒಂದು ಕಡೆ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಕರೆದರೆ ಎದ್ದು ಬರುವವರು ಆ ಮನೆಯಲ್ಲಿ ಇದ್ದಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು.